ತಡೆಯೂ ಅಡ್ಡಿಯೂ

ಬೀದರಿನ ಕೋಟೆಯನ್ನು ಕಂಡವರು ಅದರ ಕಂದಕವನ್ನು ಮರೆಯಲಾರರು. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನನಾದ ಅಹಮದ್ ಷಹನು ಗುಲ್ಬರ್ಗೆಯಿಂದ ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದನಷ್ಟೆ. ಆ ಕೋಟೆಯ ಹೊರಗೆ ಜಂಬಿಟ್ಟಿಗೆ ಬಂಡೆಯನ್ನು ಕಡಿದು ಮೂರು ಸಾಲಾಗಿ ಕಂದಕವನ್ನು ತೋಡಿದ್ದಾರೆ. ಸಾಲುಗಳ ನಡುವೆ ಬಂಡೆಯನ್ನೇ ಗೋಡೆಯಂತೆ ಉಳಿಸಿದ್ದಾರೆ. ಒಂದನ್ನು ದಾಟಿ ಬಂದವನಿಗೆ ಮತ್ತೊಂದು ಕಾದಿರುತ್ತದೆ. ಆದರೆ ಕೋಟೆಗೆ ನಿಯಮವೆಂಬುದಿಲ್ಲ. ಬಂದವನನ್ನು ಹೇಗೆ ತಡೆದರೂ ಅದು ಸರಿಯೇ. ಆಟದ ಅಂಗಳದ ರೀತಿ ಬೇರೆ. ಅಲ್ಲಿ ತಡೆಯುವುದು ಒಂದು, ಅಡ್ಡಿಮಾಡುವುದು ಇನ್ನೊಂದು. ಮೊದಲನೆಯದು ಆಟದ ಕೌಶಲ, ಎರಡನೆಯದು ಅಪರಾಧ. ಇವೆರಡರ ನಡುವಣ ಗೆರೆಯನ್ನು ಈ ಹೊತ್ತು ನಾವು ಸ್ವಲ್ಪ ವಿಚಾರಮಾಡೋಣ.

ಬೀದರ, ಭಾಲ್ಕಿ, ಔರಾದಗಳ ಕಡೆಯವರಿಗೆ ಕಬಡ್ಡಿಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಮರಾಠಿಯವರು ಇದನ್ನು ಹುತುತು ಎಂದರು, ತೆಲುಗರು ಚೆಡುಗುಡು ಎಂದರು. ಮೂರು ಭಾಷೆಗಳು ಕೂಡುವ ಗಡಿಯಲ್ಲಿ ಒಂದೇ ಆಟಕ್ಕೆ ಹಲವು ಹೆಸರಿರುವುದು ಸಹಜವೇ. ಹಿಂದೆ ನಿಯಮಗಳೂ ಸೀಮೆಗೊಂದು ಬಗೆಯಾಗಿದ್ದವು. ಅವನ್ನು ಒಂದು ಕಟ್ಟಿಗೆ ತರುವ ಕೆಲಸ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಹಾರಾಷ್ಟ್ರದ ಕಡೆ ಆರಂಭವಾಯಿತು. 1950ರಲ್ಲಿ ಅಖಿಲ ಭಾರತ ಸಂಘವೊಂದು ಹುಟ್ಟಿತು. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡೆಗಳಲ್ಲಿ ಈ ಆಟಕ್ಕೆ ಪದಕದ ಸ್ಥಾನ ದೊರೆಯಿತು.

ಕಬಡ್ಡಿಯ ಕಾವಲುಸಾಲನ್ನು ಗಮನವಿಟ್ಟು ನೋಡಿರಿ. ಏಳು ಜನ ತಮ್ಮ ಅಂಕಣದ ಹಿಂಬದಿಗೆ ಸರಿದು, ಕೈ ಕೈ ಹಿಡಿದು, ಬಿಲ್ಲಿನಂತೆ ಬಾಗಿ ನಿಲ್ಲುತ್ತಾರೆ. ಇದು ಅಂಜಿಕೆಯಲ್ಲ, ಆಮಿಷ. ಯಾರನ್ನೂ ಮುಟ್ಟದೆ ಮರಳುವ ದಾಳಿಗಾರನೂ ಮಧ್ಯದ ಗೆರೆಯಿಂದ 3.75 ಮೀಟರು ದೂರದ ಬಾಲ್ಕ್ ಗೆರೆಯನ್ನಾದರೂ ದಾಟಿರಲೇಬೇಕು. ದಾಟದಿದ್ದರೆ ಅವನು ಔಟು. ಅವನು ಒಳಗೆ ಬಂದಷ್ಟೂ ಮರಳುವ ದಾರಿ ದೂರವಾಗುತ್ತದೆ. ಮೂಲೆಯವನು ಹರಡನ್ನು ಹಿಡಿಯುತ್ತಾನೆ, ಪಕ್ಕದವನು ಸೊಂಟಕ್ಕೆ ಬೀಳುತ್ತಾನೆ, ಸರಪಳಿ ಮುಚ್ಚಿಕೊಳ್ಳುತ್ತದೆ. ಒಬ್ಬನು ಅರೆಕ್ಷಣ ಆತುರಪಟ್ಟರೆ ಸರಪಳಿಯೇ ಹರಿದು, ಹಿಡಿಯಹೋದವರೇ ಔಟಾಗಿ ಹೊರಗೆ ನಡೆಯಬೇಕಾಗುತ್ತದೆ.

ಹಾಗೆಂದು ಹೇಗೆ ಬೇಕಾದರೂ ಹಿಡಿಯುವಂತಿಲ್ಲ. ಕೈಕಾಲುಗಳನ್ನು ಹಿಡಿಯಬಹುದು, ಮುಂಡವನ್ನು ಹಿಡಿಯಬಹುದು. ಜುಟ್ಟನ್ನಾಗಲಿ ಅಂಗಿಯನ್ನಾಗಲಿ ಹಿಡಿಯಲಾಗದು. ಕಾಲುಗಳನ್ನು ಕತ್ತರಿಯಂತೆ ಹೆಣೆದು ಕೆಡವಲಾಗದು. ಬೇಕೆಂದೇ ಗೆರೆಯಾಚೆಗೆ ನೂಕಲಾಗದು. ಬಾಯಿ ಮುಚ್ಚುವುದು, ಗಂಟಲೊತ್ತುವುದು ಸರ್ವಥಾ ನಿಷಿದ್ಧ. ಈ ಕೊನೆಯ ಮಾತಿನಲ್ಲಿ ಆಟದ ಮರ್ಮವಿದೆಯೆಂದು ನಮಗೆ ತೋರುತ್ತದೆ. ಒಂದೇ ಉಸಿರಿನಲ್ಲಿ ನಡೆಯುವ ಆ ಪಲುಕೇ ದಾಳಿಗಾರನ ಅಧಿಕಾರಪತ್ರ. ಅವನ ದೇಹವನ್ನು ತಡೆದು ಉಸಿರು ತಾನೇ ಮುಗಿಯುವವರೆಗೆ ಕಾಯಬಹುದು; ಉಸಿರನ್ನೇ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ನಮ್ಮ ಶಾಲೆಗಳ ಗಟ್ಟಿ ನೆಲದ ಮೇಲೆ ಆಡುವ ಹುಡುಗರ ಮೊಣಕಾಲಿಗೂ ಕೊರಳಿಗೂ ಈ ನಿಯಮಗಳಲ್ಲದೆ ಬೇರೆ ರಕ್ಷೆ ಏನಿದೆ?

ಇದೇ ಪ್ರಶ್ನೆಯನ್ನು ದೂರದ ಇನ್ನೊಂದು ಆಟವು ತಲೆಕೆಳಗಾಗಿ ಕೇಳಿದೆ. 1895ರಲ್ಲಿ ಉತ್ತರ ಇಂಗ್ಲೆಂಡಿನ ರಗ್ಬಿ ಸಂಘಗಳು ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಸಭೆಸೇರಿ ಮೂಲಸಂಸ್ಥೆಯಿಂದ ಬೇರೆಯಾದವು. ಗಿರಣಿ ಗಣಿಗಳ ಕೂಲಿಯವರು ಆಟಕ್ಕಾಗಿ ಕಳೆದುಕೊಂಡ ದಿನಗೂಲಿಯನ್ನು ಕೊಡಬೇಕೆ ಬೇಡವೆ ಎಂಬುದೇ ಆ ಜಗಳ. ಅದರಿಂದ ಹುಟ್ಟಿದ್ದು ರಗ್ಬಿ ಲೀಗ್. ಪಕ್ಷಕ್ಕೆ ಹದಿಮೂವರು. ಚೆಂಡು ಹಿಡಿದವನನ್ನು ಕೆಡವಿದಾಗಲೆಲ್ಲ, ಗುರುತಿಗೆ ನಿಲ್ಲುವ ಇಬ್ಬರನ್ನು ಬಿಟ್ಟು, ಕಾವಲಿನವರು 10 ಮೀಟರು ಹಿಂದೆ ಸರಿದು ಸಾಲಾಗಿ ನಿಲ್ಲಬೇಕು. ಆ ಮೇಲೆ ಸಾಲು ಒಂದಾಗಿ ಮುಂದೆ ನುಗ್ಗುತ್ತದೆ. ಒಬ್ಬನು ಹಿಂದುಳಿದರೆ ಅಲ್ಲಿಯೇ ಕಂಡಿ.

ಆ ಕಂಡಿಯನ್ನು ಮಾಡಿಸುವುದಕ್ಕೆ ದಾಳಿಯವರು ಒಂದು ಉಪಾಯ ಹೂಡುತ್ತಾರೆ. ಚೆಂಡಿಲ್ಲದವನೊಬ್ಬನು ತನಗೇ ಚೆಂಡು ಬರುವುದೆಂಬಂತೆ ಓಡುತ್ತಾನೆ. ಇದು ಚಾತುರ್ಯ, ತಪ್ಪಲ್ಲ. ಆದರೆ ಅವನು ಕಾವಲಿನವನಿಗೆ ಮೈಯೊಡ್ಡಿ ನಿಂತು, ಚೆಂಡು ಹಿಡಿದ ಗೆಳೆಯನು ಆ ಮರೆಯಲ್ಲಿ ನುಸುಳಿಹೋದರೆ ಅದು ಅಡ್ಡಿ, ದಂಡ ತಪ್ಪದು. ಹಾಗಲ್ಲದೆ ಕಾವಲಿನವನೇ ಮೋಸಹೋಗಿ ಬರಿಗೈಯವನ ಮೇಲೆ ಬಿದ್ದನೆನ್ನಿ. ಅದು ಅವನದೇ ದಡ್ಡತನ. ಅವನು ತಡೆಯಲ್ಪಟ್ಟನೋ, ತಾನೇ ತಪ್ಪು ಆರಿಸಿಕೊಂಡನೋ ಎಂಬುದನ್ನು ಚಲಚ್ಚಿತ್ರವನ್ನು ತಿರುತಿರುಗಿಸಿ ನೋಡಿದರೂ ನಿರ್ಧರಿಸುವುದು ಕಠಿಣವೆಂದು ಆ ದೇಶಗಳವರು ಇಂದಿಗೂ ವಾದಿಸುತ್ತಾರೆ.

ನಮ್ಮ ಆಟದಲ್ಲಿ ದಾಳಿಗಾರನು ಒಂಟಿ. ಮರೆಯಾಗಿ ನಿಲ್ಲುವ ಗೆಳೆಯ ಅವನಿಗಿಲ್ಲ. ಆದುದರಿಂದ ಅಡ್ಡಿಯ ಆರೋಪವೆಲ್ಲ ಹಿಡಿಯುವವರ ಮೇಲೆಯೇ ಬರುತ್ತದೆ. ಅಲ್ಲಿ ಹೆಚ್ಚಾಗಿ ದಾಳಿಯ ಪಕ್ಷದ ಮೇಲೆ. ಎರಡು ಕಡೆಯೂ ತೀರ್ಪುಗಾರನು ಹುಡುಕುವುದು ಒಂದನ್ನೇ: ಓಡುವ ಹಕ್ಕುಳ್ಳವನ ದಾರಿಯನ್ನು, ಅದನ್ನು ಕಟ್ಟುವ ಹಕ್ಕಿಲ್ಲದ ರೀತಿಯಲ್ಲಿ ಯಾರಾದರೂ ಕಟ್ಟಿದರೆ?

ಕಬಡ್ಡಿಯಲ್ಲಿ ಕೂಗಾಟ ಏಳುವುದು ಬಹುಮಟ್ಟಿಗೆ ಲಾಬಿಯ ವಿಷಯದಲ್ಲಿ. ಅಂಕಣದ ಎರಡು ಪಕ್ಕದಲ್ಲಿಯೂ ಇರುವ ಒಂದು ಮೀಟರಿನ ಆ ಪಟ್ಟಿ, ಮುಟ್ಟುವುದಕ್ಕೆ ಮೊದಲು ಹೊರಗು. ಮುಟ್ಟಿ ಹೆಣಗಾಟ ಆರಂಭವಾದೊಡನೆ ಒಳಗು. ತಾಲ್ಲೂಕು ಪಂದ್ಯದಲ್ಲಿ ಹುಡುಗನೊಬ್ಬನು ಆ ಪಟ್ಟಿಯಲ್ಲಿ ಬಿದ್ದು ಕೈಚಾಚಿ ಮಧ್ಯದ ಗೆರೆಯನ್ನು ಮುಟ್ಟಿದಾಗ ಒಂದು ಗುಂಪು ಔಟೆನ್ನುತ್ತದೆ, ಇನ್ನೊಂದು ಇಲ್ಲವೆನ್ನುತ್ತದೆ. ಮೊದಲು ಆದದ್ದು ಸ್ಪರ್ಶವೋ, ಕಾಲು ಪಟ್ಟಿಗೆ ಬಿದ್ದದ್ದೋ? ಗೆರೆಯ ಬಳಿ ಬಗ್ಗಿ ನಿಂತಿದ್ದವನೊಬ್ಬನೇ ಅದನ್ನು ಕಂಡಿರುತ್ತಾನೆ.