ತರಗು ಬೆಂಕಿ ನಿಂತಿತು, ಲಂಟಾನ ಎದ್ದಿತು

ಬಿಳಿಗಿರಿರಂಗನ ಬೆಟ್ಟದ ರಸ್ತೇಲಿ ಹೋದವರಿಗೆಲ್ಲ ಲಂಟಾನ ಗೊತ್ತೇ ಇರುತ್ತೆ. ಹಳದಿ-ಗುಲಾಬಿ ಹೂಗೊಂಚಲು, ಮೈ ಗೀರೋ ಮುಳ್ಳು, ಎಲೆ ಹೊಸಕಿದರೆ ಮೂಗಿಗೆ ಬಡಿಯೋ ಘಾಟು. ಅಮೆರಿಕ ಖಂಡದ ಈ ಗಿಡವನ್ನ ಬ್ರಿಟಿಷರು ತೋಟದ ಅಂದಕ್ಕೆ ಅಂತ ತಂದರು. ಅದೀಗ ಕಾಡನ್ನೇ ನುಂಗಿ ಕೂತಿದೆ.

ಹೇಗೆ ಇಷ್ಟು ಹಬ್ಬಿತು? ಅಲ್ಲಿನ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಇರೋ ಸೋಲಿಗ ಬುಡಕಟ್ಟಿನ ಹಿರಿಯರನ್ನ ಕೇಳಿ. ತರಗು ಬೆಂಕಿ ನಿಲ್ಲಿಸಿದ್ದೇ ಕಾರಣ ಅಂತಾರೆ.

ಬೆಂಕಿ ಅಂದ ಕೂಡಲೇ ಗಾಬರಿ ಬೀಳಬೇಡಿ. ಇದು ಜನವರಿ-ಫೆಬ್ರವರಿಯ ಬೆಂಕಿ. ಉದುರಿದ ಎಲೆ ಒಣಗಿರುತ್ತೆ, ಆದರೆ ನೆಲದ ತೇವ ಪೂರ್ತಿ ಆರಿರಲ್ಲ. ಆಗ ಹಚ್ಚಿದರೆ ಉರಿ ಮೇಲೇಳಲ್ಲ, ತರಗೆಲೆ ಸುಟ್ಟು ತಾನೇ ನಂದುತ್ತೆ. ದೊಡ್ಡ ಮರಗಳಿಗೆ ಅದು ಲೆಕ್ಕಕ್ಕೇ ಇಲ್ಲ. ನೆಲದ ಮೇಲಿನ ಲಂಟಾನ ಬೀಜ, ಆಗಷ್ಟೇ ತಲೆ ಎತ್ತಿದ ಸಸಿ ಮಾತ್ರ ಉಳಿಯಲ್ಲ. ನೆಲ್ಲಿ ಮರದ ರಸ ಹೀರೋ ಬಂದಳಿಕೆಯೂ ಇದರಿಂದಲೇ ಹತೋಟಿಯಲ್ಲಿತ್ತು ಅನ್ನೋದು ಅವರ ಅನುಭವ. ಮಳೆ ಬಿದ್ದರೆ ಅದೇ ಜಾಗದಲ್ಲಿ ಹುಲ್ಲು ಚಿಗುರುತ್ತೆ. ಇದೇ ಬೆಂಕಿ ಬಿರುಬೇಸಿಗೇಲಿ ಬಿತ್ತೋ, ಕಾಡ್ಗಿಚ್ಚು! ಹಾಗಾಗಿ ಜಾಣತನ ಇರೋದು ಕಡ್ಡಿ ಗೀರೋದರಲ್ಲಲ್ಲ, ದಿನ ಆರಿಸೋದರಲ್ಲಿ.

1974ರಲ್ಲಿ ಬೆಟ್ಟ ವನ್ಯಜೀವಿಧಾಮ ಆಯ್ತು. ಕಾಡು ಸವರಿ ರಾಗಿ ಬೆಳೀತಿದ್ದ ಬೇಸಾಯ ನಿಂತಿತು, ಬೆಂಕಿ ಅಪರಾಧವಾಯ್ತು. ಆಮೇಲೆ ಸಂಶೋಧಕರು ಅದೇ ಕಾಡಲ್ಲಿ ತಾಕುಗಳನ್ನ ಗುರುತಿಸಿ ಎಣಿಸಿದರು. 1997ರಲ್ಲಿ ಶೇ. 41ರಷ್ಟು ತಾಕುಗಳಲ್ಲಿದ್ದ ಲಂಟಾನ 2008ಕ್ಕೆ ಶೇ. 81ರಲ್ಲಿ ಸಿಕ್ಕಿತು. ಬೆಂಕಿಯೊಂದೇ ಕಾರಣ ಅಂತ ನಾನೂ ಹೇಳಲ್ಲ, ಹಣ್ಣು ತಿಂದು ಬೀಜ ಹರಡೋ ಹಕ್ಕಿಗಳಿವೆ. ಆದರೂ ಹಿರಿಯರ ಮಾತನ್ನ ಬರೀ ಹಳೇ ಕಾಲದ ಹಂಬಲ ಅಂತ ತಳ್ಳಿಹಾಕೋಕೆ ಆಗಲ್ಲ.

ಹಾಗಾದರೆ ನಾಳೇನೇ ಬೆಂಕಿ ಇಡೋಣವಾ? ಖಂಡಿತ ಬೇಡ. ಆಳೆತ್ತರ ಒಣಗಿ ನಿಂತ ಲಂಟಾನಕ್ಕೆ ಕಿಡಿ ತಾಗಿದರೆ ಉರಿ ಮರದ ನೆತ್ತಿಗೆ ಏರುತ್ತೆ. ಮೇಲಾಗಿ ಸುಟ್ಟ ಬುಡ ಮತ್ತೆ ಚಿಗುರುತ್ತೆ. ಮೊದಲು ಕಿತ್ತೇ ತೆಗೀಬೇಕು. ಬುಡದ ಮಣ್ಣು ಸರಿಸಿ, ನೆಲಮಟ್ಟದಿಂದ ಎರಡು-ಮೂರು ಇಂಚು ಕೆಳಗೆ ಬೇರು ಕಡಿದು, ಪೊದೆಯನ್ನ ತಲೆಕೆಳಗು ಮಾಡಿ ಒಣಗೋಕೆ ಬಿಡೋದು. ಬೆನ್ನು ಮುರಿಯೋ ಕೆಲಸ. ಕಡಿದ ಕಡ್ಡಿ ದಂಡ ಆಗಬೇಕಿಲ್ಲ: ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರಲ್ಲೇ ಕುರ್ಚಿ, ಬುಟ್ಟಿ ಮಾಡ್ತಾರೆ.

2011ರಲ್ಲಿ ಬಿಳಿಗಿರಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹಾಗಿರುವಾಗ ಲಂಟಾನ ಕಿತ್ತ ಒಂದಿಷ್ಟು ಜಾಗದಲ್ಲಾದರೂ ತರಗು ಬೆಂಕಿಯನ್ನ ಪ್ರಯೋಗಕ್ಕೆ ಬಿಡಬೇಕು ಅನ್ನೋದು ನನ್ನ ವಾದ. ಅರಣ್ಯ ಇಲಾಖೆಯ ಕಾವಲಿರಲಿ. ಯಾವ ದಿನ ಹಚ್ಚಬೇಕು ಅನ್ನೋದನ್ನ ಮಾತ್ರ ಪೋಡಿನವರೇ ಹೇಳಲಿ.