ಅಭ್ಯರ್ಥಿಯ ಎದುರು ಕುಳಿತವಳು



ಪದವಿ ಪಡೆಯುವ ಇಂಥ ದಿನ ನಿಮಗೆ ಹತ್ತು ದಾರಿಗಳನ್ನು ತೋರಿಸುವವರು ಬಹಳ ಮಂದಿ ಇರುತ್ತಾರೆ. ನಾನು ಒಂದೇ ಒಂದು ಕೆಲಸದ ಬಗ್ಗೆ ಮಾತಾಡಲು ಬಂದಿದ್ದೇನೆ. ಚುನಾವಣೆ ಬಂದಾಗ ಅಭ್ಯರ್ಥಿಯ ಎದುರು ಕುಳಿತು, ಮೊಬೈಲನ್ನು ರೆಕಾರ್ಡಿಂಗಿಗೆ ಇಟ್ಟು, ಪ್ರಶ್ನೆ ಕೇಳಿ, ಉತ್ತರವನ್ನು ಊರಿಗೆಲ್ಲ ತಲುಪಿಸುವ ಕೆಲಸ. ದೇಶದ ಹಲವು ಕಡೆ ಹೆಣ್ಣುಮಕ್ಕಳು ಈ ಕೆಲಸವನ್ನು ತಮ್ಮ ಕೈಗೆ ತೆಗೆದುಕೊಂಡಿದ್ದಾರೆ. ಕೊಡಗಿನ ನಮ್ಮ ಬಾಳೆಲೆಯಿಂದಲೂ ಅದನ್ನು ಮಾಡಬಹುದು, ಮಾಡಬೇಕು.

ಕೊಡಗಿನಲ್ಲಿ ಹೆಂಗಸರ ಸಂಖ್ಯೆ ಹೆಚ್ಚು. 2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ 1019 ಹೆಂಗಸರಿದ್ದರು. ನಮ್ಮ ವಿರಾಜಪೇಟೆ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದ್ದ ಕಾಲದಲ್ಲಿ ಸುಮಾ ವಸಂತ ಅವರು ಇಲ್ಲಿಂದ ಶಾಸಕಿಯಾದರು, ಸಚಿವೆಯೂ ಆದರು. ಹಾಗಿದ್ದೂ 2023ರ ಚುನಾವಣೆ ಮುಗಿದಾಗ ರಾಜ್ಯದ 224 ಶಾಸಕರಲ್ಲಿ ಹೆಂಗಸರು 10 ಮಂದಿ ಮಾತ್ರ. ಟಿಕೆಟ್ ಹಂಚುವವರು ಗಂಡಸರು, ವೇದಿಕೆ ತುಂಬ ಗಂಡಸರು, ಅಭ್ಯರ್ಥಿಯ ಜೀಪಿನ ಹಿಂದೆ ಮೈಕು ಹಿಡಿದು ಓಡುವವರಲ್ಲಿಯೂ ಹೆಚ್ಚಿನವರು ಗಂಡಸರು. ಹೀಗಾದಾಗ ಯಾವ ಪ್ರಶ್ನೆ ಬರುತ್ತದೆ, ಯಾವುದು ಬಾಯಿಗೇ ಬರುವುದಿಲ್ಲ ಎಂಬುದನ್ನು ನೀವು ಯೋಚಿಸಬೇಕು.

ಆ ವರ್ಷದ ಫೆಬ್ರುವರಿಯನ್ನು ನೆನಪಿಸಿಕೊಳ್ಳಿ. ಕುಟ್ಟದ ಬಳಿ ತೋಟದ ಕೂಲಿ ಕುಟುಂಬವೊಂದರ ಹುಡುಗನನ್ನು ಹುಲಿ ಕೊಂದಿತು. ಒಂದು ದಿನ ಕಳೆಯುವುದರೊಳಗೆ ಅದೇ ಕುಟುಂಬದ ಹಿರಿಯರೊಬ್ಬರೂ ಹುಲಿಗೆ ಬಲಿಯಾದರು. ಮೂರು ತಿಂಗಳಿಗೆ, ಮೇ 10ರಂದು, ಮತದಾನ. ಆ ಮೂರು ತಿಂಗಳಲ್ಲಿ ಟಿವಿಯಲ್ಲೂ ಫೋನಿನಲ್ಲೂ ನಾವು ಹೆಚ್ಚಾಗಿ ಕೇಳಿದ್ದು ನಮ್ಮ ಕ್ಷೇತ್ರದಲ್ಲಿ ಗೆಲ್ಲುವವರು ಬೋಪಯ್ಯನವರೋ ಪೊನ್ನಣ್ಣನವರೋ, ಯಾವ ಸಮುದಾಯದ ಮತ ಯಾವ ಕಡೆ ಎಂಬ ಲೆಕ್ಕಾಚಾರವನ್ನೇ. ಬೆಳಗ್ಗೆ ಆರೂವರೆಗೆ ಮಂಜಿನಲ್ಲಿ ಕೆಲಸಕ್ಕೆ ನಡೆದುಹೋಗುವ ಹೆಂಗಸು ಕೇಳಬಯಸುವ ಪ್ರಶ್ನೆ ಬೇರೆ. ಆನೆ ತಡೆಯುವ ರೈಲ್ವೆ ಕಂಬಿಯ ಬೇಲಿ ಎಲ್ಲಿಂದ ಎಲ್ಲಿಯವರೆಗೆ ಬರುತ್ತದೆ? ಯಾವ ವರ್ಷದ ದುಡ್ಡು? ಆನೆ ಬಂದಿದೆ ಎಂಬ ಸುದ್ದಿ ತೋಟದ ಕೂಲಿಗಳ ಲೈನ್ ಮನೆಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ? ಜೀವ ಹೋದರೆ ಪರಿಹಾರದ ಹಣ ಬ್ಯಾಂಕ್ ಖಾತೆ, ದಾಖಲೆ ಸರಿಯಿಲ್ಲದ ಕುಟುಂಬಕ್ಕೆ ಹೇಗೆ ಸಿಗುತ್ತದೆ? ಇವು ಮಹಿಳಾ ಪುಟಕ್ಕೆ ಸೇರಿಸುವ ಪ್ರಶ್ನೆಗಳಲ್ಲ. ಅರಣ್ಯ ಇಲಾಖೆ, ಕಂದಾಯ ಇಲಾಖೆ, ಬಜೆಟ್ ಮೂರನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುವ ಪ್ರಶ್ನೆಗಳು. ಆ ದಾರಿಯಲ್ಲಿ ನಡೆದವಳಿಗೆ ಇವು ಮೊದಲು ಹೊಳೆಯುತ್ತವೆ.

ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಕೆಲವು ಹಳ್ಳಿ ಹೆಂಗಸರು ಸೇರಿ 'ಖಬರ್ ಲಹರಿಯಾ' ಎಂಬ ಪತ್ರಿಕೆ ಶುರು ಮಾಡಿದರು. ಬಹುಪಾಲು ದಲಿತ ಹೆಂಗಸರು, ಕೆಲವರು ಓದು ಅರ್ಧಕ್ಕೆ ಬಿಟ್ಟವರು. ತಮ್ಮ ಬುಂದೇಲಿ ಮಾತಿನಲ್ಲೇ ಬರೆದರು. ಮುಂದೆ ಕಾಗದ ಬಿಟ್ಟು ಮೊಬೈಲ್ ಹಿಡಿದರು. 2017ರ ವಿಧಾನಸಭಾ ಚುನಾವಣೆಯಲ್ಲಿ ಅವರ ಮುಖ್ಯ ವರದಿಗಾರ್ತಿ ಮೀರಾ ದೇವಿ ಪಕ್ಷಗಳ ಮುಖಂಡರ ಎದುರು ಕುಳಿತು ಪ್ರಶ್ನೆ ಕೇಳುವುದನ್ನು 'ರೈಟಿಂಗ್ ವಿತ್ ಫೈರ್' ಎಂಬ ಸಾಕ್ಷ್ಯಚಿತ್ರದಲ್ಲಿ ನೋಡಬಹುದು. ಆ ಚಿತ್ರ ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. ಚಿತ್ರದಲ್ಲಿ ತಮ್ಮ ಕೆಲಸದ ಒಂದು ಭಾಗವಷ್ಟೇ ಕಾಣುತ್ತದೆ ಎಂದು ಸಂಸ್ಥೆಯವರೇ ಬಹಿರಂಗವಾಗಿ ಹೇಳಿದರು. ತಮ್ಮನ್ನು ಹೊಗಳುವವರನ್ನೂ ತಿದ್ದುವ ಆ ಗುಣಕ್ಕೆ ನನಗೆ ಆಸ್ಕರ್‌ಗಿಂತ ಹೆಚ್ಚು ಗೌರವ.

ನಮ್ಮ ರಾಜ್ಯಕ್ಕೆ ಬನ್ನಿ. ಬೋಫೋರ್ಸ್ ಹಗರಣವನ್ನು ಬಯಲಿಗೆಳೆದ ಚಿತ್ರಾ ಸುಬ್ರಹ್ಮಣ್ಯಂ ಮತ್ತು ಧನ್ಯಾ ರಾಜೇಂದ್ರನ್ ಇನ್ನೊಬ್ಬರ ಜೊತೆ ಸೇರಿ 2014ರಲ್ಲಿ ಬೆಂಗಳೂರಿನಿಂದ 'ದಿ ನ್ಯೂಸ್ ಮಿನಿಟ್' ಸುದ್ದಿ ಜಾಲತಾಣ ಆರಂಭಿಸಿದರು. ದಕ್ಷಿಣ ರಾಜ್ಯಗಳ ರಾಜಕೀಯವನ್ನು ದೆಹಲಿಯ ಕಣ್ಣಿನಿಂದ ನೋಡುವುದು ಸಾಕು ಎಂಬ ಹಟ ಅದರ ಹಿಂದಿತ್ತು. ಕನ್ನಡದಲ್ಲಿ, 'ಉದಯವಾಣಿ'ಯ ಬೆಂಗಳೂರು ಆವೃತ್ತಿಯ ಸಂಪಾದಕಿಯಾಗಿದ್ದ ಆರ್. ಪೂರ್ಣಿಮಾ ಮತ್ತು ಜೊತೆಗಾರ್ತಿಯರು 'ಹಿತೈಷಿಣಿ' ಎಂಬ ಅಂತರ್ಜಾಲ ಪತ್ರಿಕೆ ಕಟ್ಟಿದರು. 2023ರಲ್ಲಿ 'ಈದಿನ' ಸಂಸ್ಥೆ ಊರೂರಿನ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿ ಮತದಾರರನ್ನು ಮಾತಾಡಿಸಿತು. ಕಾಂಗ್ರೆಸ್‌ಗೆ 132ರಿಂದ 140 ಸ್ಥಾನ ಬರಬಹುದು ಎಂದಿತು. ಬಂದದ್ದು 135. ಅಂಕಿ ಸರಿ ಬಂದದ್ದಕ್ಕಿಂತ ನನಗೆ ಮುಖ್ಯವಾದದ್ದು ಅವರು ಜಗುಲಿಯಲ್ಲಿ ಕುಳಿತು ಜನರ ಮಾತು ಕೇಳಿದ್ದು. ಸ್ಟುಡಿಯೊದಲ್ಲಿ ಅಬ್ಬರಿಸುವವರು ಅದನ್ನು ಮಾಡಲಿಲ್ಲ.

ಇದೆಲ್ಲ ಹೊಸದಾಗಿ ಮೊಳೆತದ್ದೂ ಅಲ್ಲ. ಬಾಲವಿಧವೆಯಾಗಿದ್ದ ನಂಜನಗೂಡಿನ ತಿರುಮಲಾಂಬ 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆ ತೆಗೆದು, ಮುಂದೆ 'ಕರ್ನಾಟಕ ನಂದಿನಿ' ಮಾಸಪತ್ರಿಕೆ ನಡೆಸಿದರು. ಆರ್. ಕಲ್ಯಾಣಮ್ಮ 1921ರಲ್ಲಿ ಆರಂಭಿಸಿದ 'ಸರಸ್ವತಿ'ಯನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ನಮ್ಮ ಕೊಡಗಿನ ಗೌರಮ್ಮ, ಗುಂಡುಗುತ್ತಿಯ ತೋಟದಲ್ಲಿ ಕೆಲಸಕ್ಕಿದ್ದವರೊಬ್ಬರ ಹೆಂಡತಿ, 1934ರಲ್ಲಿ ಗಾಂಧೀಜಿ ತಮ್ಮ ಮನೆಗೆ ಬರುವವರೆಗೂ ಊಟ ಮಾಡುವುದಿಲ್ಲ ಎಂದು ಕುಳಿತರು. ಗಾಂಧೀಜಿ ಬಂದರು. ದೇಶದ ಅತಿದೊಡ್ಡ ನಾಯಕನನ್ನು ಆಕೆ ತನ್ನ ಅಂಗಳಕ್ಕೆ ಕರೆಸಿಕೊಂಡಳು. ಆಗ ಆಕೆಗೆ ಸುಮಾರು ನಿಮ್ಮದೇ ವಯಸ್ಸು.

ಈಗ ಕೆಲಸದ ಮಾತಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ಹೇಳಲೇಬೇಕಾದ್ದು ಇದು.

ಅಭ್ಯರ್ಥಿಯ ಎದುರು ಬರಿಗೈಯಲ್ಲಿ ಕೂರಬೇಡಿ. ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ ನಮೂನೆ 26ರಲ್ಲಿ ಪ್ರಮಾಣಪತ್ರ ಕೊಡಬೇಕು. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಮತದಾರರಿಗೆ ಬಂದ ಹಕ್ಕು ಇದು. ಸ್ವಂತದ್ದು, ಸಂಗಾತಿಯದ್ದು, ಅವಲಂಬಿತರದ್ದು ಎಂದು ಆಸ್ತಿ, ಸಾಲ, ಸರ್ಕಾರಕ್ಕೆ ಬಾಕಿ, ಬಾಕಿ ಇರುವ ಕ್ರಿಮಿನಲ್ ಪ್ರಕರಣ, ಓದು ಎಲ್ಲವೂ ಅದರಲ್ಲಿರುತ್ತದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆದು ಓದಬಹುದು. ಅದೇ ವ್ಯಕ್ತಿ ಹಿಂದಿನ ಚುನಾವಣೆಯಲ್ಲಿ ಕೊಟ್ಟ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಐದು ವರ್ಷದಲ್ಲಿ ಜಮೀನು ಎಷ್ಟು ಹೆಚ್ಚಿತು, ಯಾವ ಊರಿನಲ್ಲಿ ಹೆಚ್ಚಿತು, ಆದಾಯದ ಮೂಲ ಏನು. ಇಲ್ಲಿಂದ ಮಾತು ಶುರುವಾದರೆ ಅಭ್ಯರ್ಥಿ ನೆಟ್ಟಗೆ ಕೂರುತ್ತಾರೆ.

ಅವರ ಮೇಲೆ ಕ್ರಿಮಿನಲ್ ಪ್ರಕರಣ ಇದ್ದರೆ, 2020ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಅವರನ್ನೇ ಏಕೆ ಆರಿಸಿದೆವು, ಪ್ರಕರಣವಿಲ್ಲದ ಬೇರೆಯವರನ್ನು ಏಕೆ ಆರಿಸಲಿಲ್ಲ ಎಂಬ ಕಾರಣವನ್ನು ಪಕ್ಷ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಆ ಕಾರಣವನ್ನು ಹುಡುಕಿ ಓದಿ, ಅಭ್ಯರ್ಥಿಗೆ ಗಟ್ಟಿಯಾಗಿ ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳಿ.

ಹಾಲಿ ಶಾಸಕರಾದರೆ ಅವರ ಕ್ಷೇತ್ರಾಭಿವೃದ್ಧಿ ನಿಧಿಯ ಲೆಕ್ಕ ಇದೆ, ವರ್ಷಕ್ಕೆ 2 ಕೋಟಿ ರೂಪಾಯಿ. ಬಾಳೆಲೆಗೆ ಎಷ್ಟು, ನಿಟ್ಟೂರಿಗೆ ಎಷ್ಟು, ಯಾವ ಕಾಮಗಾರಿ ಅರ್ಧಕ್ಕೆ ನಿಂತಿದೆ ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಆರು ತಿಂಗಳ ಮೊದಲೇ ತರಿಸಿಕೊಳ್ಳಿ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ಏನೂ ಕೈಗೆ ಬರುವುದಿಲ್ಲ.

"ಅಭಿವೃದ್ಧಿ ಮಾಡ್ತೀವಿ" ಎಂಬುದು ಉತ್ತರವಲ್ಲ. ಯಾವ ರಸ್ತೆ, ಯಾವ ತಿಂಗಳು, ಯಾರ ದುಡ್ಡು ಎಂದು ಮತ್ತೆ ಕೇಳಿ. ಅವರು ನಿಮ್ಮನ್ನು "ಏನಮ್ಮಾ, ಓದ್ತಾ ಇದ್ದೀಯಾ?" ಎಂದು ಮಾತಾಡಿಸಿ, ನಕ್ಕು, ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ನೀವೂ ಮರ್ಯಾದೆಯಿಂದಲೇ "ಸರ್, ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ" ಎನ್ನಿ. ಕಾಫಿ ಕೊಟ್ಟರೆ ಕುಡಿಯಿರಿ, ಲಕೋಟೆ ಕೊಟ್ಟರೆ ಮುಟ್ಟಬೇಡಿ. ಕಾಸಿಗಾಗಿ ಸುದ್ದಿ ಬರೆಯುವುದು ಈ ದೇಶದ ಪತ್ರಿಕಾವೃತ್ತಿಯನ್ನು ಒಳಗಿಂದ ತಿಂದಿದೆ. ಅಂಥ ಸುದ್ದಿಯ ಖರ್ಚನ್ನು ಚುನಾವಣಾ ಲೆಕ್ಕದಲ್ಲಿ ತೋರಿಸದ ತಪ್ಪಿಗೆ 2011ರಲ್ಲಿ ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅನರ್ಹರಾದರು. ದುಡ್ಡು ಪಡೆದು ಮಾಡಿದ ವಿಡಿಯೊ ಅಭ್ಯರ್ಥಿಯ ವೆಚ್ಚಕ್ಕೆ ಸೇರುತ್ತದೆ. ಅದನ್ನು ಸಂದರ್ಶನ ಎಂದು ಕರೆದು ಹಂಚಿದರೆ ಮತದಾರರಿಗೆ ಮೋಸ ಮಾಡಿದಂತೆ.

ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆ ಕೇಳಿ. ನಿಮ್ಮ ಮನೆಯವರು ಬೆಂಬಲಿಸುವ ಪಕ್ಷದವರಿಗೂ ಕೇಳಿ, ಅಲ್ಲೇ ನಿಮ್ಮ ಪರೀಕ್ಷೆ. ಬರಲೊಪ್ಪದವರ ಹೆಸರಿನ ಮುಂದೆ "ಉತ್ತರಿಸಲಿಲ್ಲ" ಎಂದು ಬರೆದು ಹಾಗೆಯೇ ಪ್ರಕಟಿಸಿ. ಮತದಾನ ಮುಗಿಯುವ ಹೊತ್ತಿಗೆ ಮೊದಲಿನ 48 ಗಂಟೆ ಪ್ರಚಾರಕ್ಕೆ ನೆರವಾಗುವ ಏನನ್ನೂ ಹಾಕಬೇಡಿ. ಮತ ಎಣಿಕೆ ಮುಗಿದ ಮೇಲೆ ಮತಗಟ್ಟೆವಾರು ಫಲಿತಾಂಶ ನಮೂನೆ 20ರಲ್ಲಿ ಬರುತ್ತದೆ, 30 ದಿನದೊಳಗೆ ಅಭ್ಯರ್ಥಿಗಳು ಖರ್ಚಿನ ಲೆಕ್ಕ ಕೊಡಬೇಕು. ಹೆಚ್ಚಿನವರು ಫಲಿತಾಂಶದ ಸಂಜೆಯೇ ಕ್ಯಾಮೆರಾ ಮಡಚುತ್ತಾರೆ. ನಿಮ್ಮ ಕೆಲಸದ ಎರಡನೆಯ ಅರ್ಧ ಅಂದು ಶುರು. ಅವರು ಕೊಟ್ಟ ಮಾತು ನಿಮ್ಮ ಬಳಿ ಇದೆ, ತಾರೀಕಿನ ಸಮೇತ. ವರ್ಷ ಕಳೆದ ಮೇಲೆ ಅದನ್ನು ತೆಗೆದು ಮತ್ತೆ ಅವರ ಮುಂದೆ ಹೋಗಬೇಕು. ಊರಿನ ನೆನಪಿನಿಂದ ಜಾರಿಹೋಗುವುದನ್ನು ಉಳಿಸಿಡುವುದರಲ್ಲಿಯೇ ಈ ಕೆಲಸದ ಬಲ ಇದೆ ಎಂದು ನಾನು ನಂಬಿದ್ದೇನೆ. ಲಕ್ಷ ಜನ ನೋಡುವ ವಿಡಿಯೊ ಬೇಕಿಲ್ಲ. ಒಂದು ವಾರ್ಡಿನ ಮುನ್ನೂರು ಮತದಾರರು ನೋಡಿದರೆ ಆ ವಾರ್ಡಿನ ಚುನಾವಣೆಯ ಮಾತೇ ಬದಲಾಗುತ್ತದೆ.

ಇನ್ನು ಕಷ್ಟದ ಮಾತು. ತಾಯಂದಿರು ಇದ್ದೀರಿ, ಮುಚ್ಚಿಟ್ಟರೆ ತಪ್ಪಾಗುತ್ತದೆ. ಪ್ರಶ್ನೆ ಕೇಳುವ ಹೆಣ್ಣನ್ನು ಬೈಯುವವರು ಆಕೆಯ ಪ್ರಶ್ನೆಯನ್ನು ಮುಟ್ಟುವುದಿಲ್ಲ, ಆಕೆಯ ಮೈ, ಮನೆ, ಮದುವೆ, ಜಾತಿ, ಧರ್ಮದ ಮೇಲೆ ಬೀಳುತ್ತಾರೆ. 2019ರ ಲೋಕಸಭಾ ಚುನಾವಣೆಯ ಸಮಯದಲ್ಲಿ ದೇಶದ 95 ಮಹಿಳಾ ರಾಜಕಾರಣಿಗಳ ಹೆಸರಿದ್ದ ಟ್ವೀಟ್‌ಗಳನ್ನು ಆಮ್ನೆಸ್ಟಿ ಸಂಸ್ಥೆ ಪರಿಶೀಲಿಸಿತು. ಸುಮಾರು ಏಳರಲ್ಲಿ ಒಂದು ನಿಂದನೆಯಿಂದಲೋ ಕೊಳಕಿನಿಂದಲೋ ತುಂಬಿತ್ತು. ಪತ್ರಕರ್ತೆಯರ ಪಾಡೂ ಅದೇ.

ಗೌರಿ ಲಂಕೇಶ್ ಹೆಸರು ಹೇಳದೆ ನಾನು ಈ ವೇದಿಕೆಯಿಂದ ಇಳಿಯಲಾರೆ. ಇಂಗ್ಲಿಷ್ ಪತ್ರಿಕೋದ್ಯಮದಲ್ಲಿ ಬೆಳೆದ ಆಕೆ 2000ದಲ್ಲಿ ತಂದೆ ತೀರಿಕೊಂಡ ಮೇಲೆ ಕನ್ನಡಕ್ಕೆ ಬಂದರು, 2005ರಲ್ಲಿ ತಮ್ಮದೇ ವಾರಪತ್ರಿಕೆ ತೆಗೆದರು. 2008ರ ಒಂದು ವರದಿಗಾಗಿ ಮಾನನಷ್ಟ ಪ್ರಕರಣದಲ್ಲಿ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಆರು ತಿಂಗಳ ಶಿಕ್ಷೆ ವಿಧಿಸಿತು, ಜಾಮೀನು ಸಿಕ್ಕಿತು. ಆಕೆಯ ಕೊನೆಯ ಸಂಪಾದಕೀಯ ಸುಳ್ಳು ಸುದ್ದಿ ಹಬ್ಬಿಸುವವರ ಬಗ್ಗೆ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ಸ್ವಂತ ಮನೆಯ ಬಾಗಿಲಲ್ಲಿ, ಆಕೆಯನ್ನು ಗುಂಡಿಟ್ಟು ಕೊಂದರು. ಆಕೆಯ ಎಲ್ಲ ಅಭಿಪ್ರಾಯಗಳನ್ನೂ ನೀವು ಒಪ್ಪಬೇಕಿಲ್ಲ. ಬರೆದದ್ದಕ್ಕಾಗಿ ಹೆಣ್ಣೊಬ್ಬಳನ್ನು ಕೊಲ್ಲುವ ನಾಡಿನಲ್ಲಿ ಬರೆಯಲು ಹೊರಡುವವಳು ಒಂಟಿಯಾಗಬಾರದು ಎಂಬುದನ್ನು ಮಾತ್ರ ಒಪ್ಪಿ.

ಆದ್ದರಿಂದ ಇಬ್ಬರು ಮೂವರು ಸೇರಿ ಮಾಡಿ. ಹೇಳಿದ ಪ್ರತಿ ಮಾತಿಗೂ ಕಾಗದ ಇಟ್ಟುಕೊಳ್ಳಿ. ಪೂರ್ತಿ ರೆಕಾರ್ಡಿಂಗನ್ನು ಎರಡು ಕಡೆ ಉಳಿಸಿ. ಬೆದರಿಕೆ ಬಂದರೆ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ದೂರು ಕೊಡಿ, ಮನೆಯಲ್ಲಿ ಹೇಳಿ. ತಂದೆಯರೇ, ಅಣ್ಣಂದಿರೇ, ಅಂಥ ದಿನ "ನಿನಗ್ಯಾಕೆ ಬೇಕಿತ್ತು ಇದೆಲ್ಲ?" ಎಂದು ಕೇಳಬೇಡಿ. ಬೈದವನು ತಪ್ಪಿತಸ್ಥ, ನಿಮ್ಮ ಮಗಳಲ್ಲ. ಪದವಿ ಪಡೆದ ಹುಡುಗರೇ, ನಿಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಅಂಥ ಮಾತು ಬಂದಾಗ ಸುಮ್ಮನಿರದೆ ತಡೆಯುವುದು ನಿಮ್ಮ ಪಾಲಿನ ಕೆಲಸ.

ಇನ್ನು ನಮ್ಮ ಜಿಲ್ಲೆಯ ಆದಿವಾಸಿ ಹಾಡಿಗಳ ಮಾತು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತಾಗ ಮುಂದೆ ನಿಂತು ಮಾತಾಡಿದವರು ಜೆ.ಕೆ. ಮುತ್ತಮ್ಮ. ಆಗ ನಾಡಿನ ಕ್ಯಾಮೆರಾಗಳು ಅಲ್ಲಿಗೆ ಬಂದವು, ಆಮೇಲೆ ಹೋದವು. ನಿವೇಶನ, ಹಕ್ಕುಪತ್ರ, ಕುಡಿಯುವ ನೀರಿನ ಪ್ರಶ್ನೆಗಳು ಹಾಡಿಗಳಲ್ಲಿ ಇವತ್ತಿಗೂ ಇವೆ. ಯರವ, ಕುರುಬ, ಪಣಿಯ ಮನೆಗಳಿಂದ ಬಂದು ಈ ಸಭೆಯಲ್ಲಿ ಪದವಿ ಪಡೆದ ಮಗಳಿದ್ದರೆ ಅವಳಿಗೆ ನಾನು ವಿಶೇಷವಾಗಿ ಹೇಳುತ್ತೇನೆ: ನಿನ್ನ ಹಾಡಿಯ ಚುನಾವಣಾ ವರದಿಯನ್ನು ನೀನೇ ಮಾಡು, ನಿನ್ನ ಮಾತಿನಲ್ಲೇ ಮಾಡು.

ವಿಧಾನಸಭೆಯವರೆಗೆ ಕಾಯಬೇಡಿ. ಗ್ರಾಮ ಪಂಚಾಯಿತಿ ಚುನಾವಣೆಯಿಂದ ಶುರು ಮಾಡಿ. ಅಲ್ಲಿ ಪಕ್ಷದ ಚಿಹ್ನೆಯಿಲ್ಲ, ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು, ಅಭ್ಯರ್ಥಿ ನಿಮ್ಮ ಪಕ್ಕದ ಮನೆಯ ಅಕ್ಕನೋ ಅಣ್ಣನೋ ಆಗಿರುತ್ತಾರೆ. ಹೆಂಗಸು ಗೆದ್ದು ಗಂಡ ಪಂಚಾಯಿತಿ ಕಚೇರಿಯಲ್ಲಿ ಕೂರುವ ಕಡೆ, ಉತ್ತರ ಕೊಡಬೇಕಾದವಳು ಆಕೆಯೇ ಎಂದು ಪಟ್ಟು ಹಿಡಿದು ಆಕೆಯನ್ನೇ ಮಾತಾಡಿಸಿ. ನೀರು, ಬೀದಿದೀಪ, ಕಸ, ಲೈನ್ ಮನೆಯ ಶೌಚಾಲಯ, ಶಾಲೆ ಬಸ್ಸು, ಈ ಐದನ್ನೇ ಕೇಳಿ. ಬಾಳೆಲೆಯ ಪ್ರತಿ ವಾರ್ಡಿನ ಪ್ರತಿ ಅಭ್ಯರ್ಥಿಯ ಎದುರು ನಿಮ್ಮಲ್ಲಿ ಒಬ್ಬಳಾದರೂ ಕುಳಿತಿರಬೇಕು. ಇಂದು ಮನೆಗೆ ಹೋಗುವ ಮೊದಲು ಯಾರು ಯಾವ ವಾರ್ಡು ಎಂದು ಹಂಚಿಕೊಳ್ಳಿ.