ಡ್ರೈವರ್ ಕುಡಿದರೆ ಧಣಿಗೇನು?

(ಕುಂಭಾರಿಯಲ್ಲಿ ಕಬ್ಬು ಸಾಗಿಸುವ ಸಭಾಸದರ ಮುಂದೆ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಹೋದ ಹಂಗಾಮಿನಲ್ಲಿ ಒಂದು ರಾತ್ರಿ ಕಾಟಾದ ಹತ್ತಿರ ಡ್ರೈವರನೊಬ್ಬನ ಬಾಯಿಂದ ಸೆರೆಯ ವಾಸನೆ ಬಂತು. ಕೀಲಿ ಇಸಿದುಕೊಂಡೆ. ಟ್ರ್ಯಾಕ್ಟರಿನ ಧಣಿ ಬಂದು, "ಸಾಹೇಬರೇ, ಎರಡೇ ಗುಟುಕು. ಸಿಕ್ಕರೆ ಅವನು ದಂಡ ಕಟ್ಟುತ್ತಾನೆ, ನನಗೇನು?" ಎಂದರು. ಆ ತಿಳಿವಳಿಕೆ ತಪ್ಪು.

1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಾಂಶವಿಟ್ಟುಕೊಂಡು ಗಾಡಿ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ಮೇಲೆ ಮೊದಲ ಸಲ ಆರು ತಿಂಗಳವರೆಗೆ ಸಜೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಸಜೆ, 15,000 ದಂಡ, ಇಲ್ಲವೆ ಎರಡೂ. ಪೊಲೀಸರು ವಾರಂಟಿಲ್ಲದೆಯೇ ಹಿಡಿಯಬಹುದು.

ಇನ್ನು ಧಣಿಯ ಮಾತು. ಕುಡಿದಿದ್ದಾನೆಂದು ಗೊತ್ತಿದ್ದೂ ಗಾಡಿ ಹೊಡೆಯಲು ಹಚ್ಚಿದವನಿಗೆ 188ನೆಯ ಕಲಮಿನಂತೆ ಅದೇ ಶಿಕ್ಷೆ. ಅಪಘಾತವಾದರೆ ವಿಮೆ ಕಂಪನಿ ಕುಡಿತದ ಕಾರಣವೊಡ್ಡಿ ಪರಿಹಾರದ ಹೊರೆಯನ್ನು ಧಣಿಯ ಮೇಲೆ ಹೊರಿಸಲು ನೋಡಬಹುದು. ಆಗ ಹೊಲ ಮಾರುವ ಪಾಳಿ.

ರಾತ್ರಿ ಕುಡಿದದ್ದು ನಸುಕಿಗೆ ಪೂರ್ತಿ ಇಳಿದಿರುತ್ತದೆಂದು ನಂಬಬೇಡಿ. ಚಹಾ, ತಣ್ಣೀರು ಅದನ್ನು ಇಳಿಸವು, ಹೊತ್ತು ಹೋಗಬೇಕು.

ಕಡಿದ ಕಬ್ಬು ಒಣಗುತ್ತದೆ, ಬೇಗ ತನ್ನಿರೆಂದು ನಿತ್ಯ ಹೇಳುವವನು ನಾನೇ. ಇಂದು ಹೇಳುತ್ತೇನೆ: ಡ್ರೈವರ್ ಕುಡಿದಿದ್ದರೆ ಆ ಖೇಪು ತಡವಾಗಲಿ. ತೂಕದ ನಷ್ಟ ಬರುವ ವರ್ಷ ತುಂಬೀತು. ಅಕ್ಕಲಕೋಟ ರಸ್ತೆಯಲ್ಲಿ ಎದುರಿಗೆ ಬರುವ ಸೈಕಲ್ಲಿನವನ ಜೀವ ತುಂಬಿ ಬರದು. ಕೀಲಿ ನಿಮ್ಮ ಕೈಯಲ್ಲಿರಲಿ.